ಬಾನೆಟ್ಟಿನ ಮೇಲಿನ ಚಹಾ

ಚಿಂತೆ ಮಾಡುವುದು ನನ್ನ ಕಸುಬು. ಹಾಲಿನ ಗಾಡಿ ಓಡಿಸುವುದು ಬಿಡುವಾದಾಗ. ಸಂತಪುರದ ಸುತ್ತಲಿನ ಹಳ್ಳಿಗಳ ಹಾಲಿನ ಕ್ಯಾನುಗಳನ್ನು ತುಂಬಿಕೊಂಡು ದಿನಾ ಬೆಳಿಗ್ಗೆ ಬೀದರಿಗೆ ಹೋಗುತ್ತೇನೆ. ಪಿಕಪ್ಪು ಅಪ್ಪನದು. ಅವನು ತೀರಿಕೊಂಡ ಮೇಲೆ ಗಾಡಿಯೂ ದಾರಿಯೂ ನನ್ನ ಪಾಲಿಗೆ ಬಂದವು. ಜೊತೆಗೆ ಒಂದು ಸದ್ದೂ ಬಂತು.

ಚಳಿಯ ಬೆಳಿಗ್ಗೆ ಚಾವಿ ತಿರುಗಿಸಿದರೆ ಇಂಜಿನ್ನಿನೊಳಗಿಂದ ಟಕ್, ಟಕ್ ಎಂಬ ಬಡಿತ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಮೊಣಕಾಲು ಕೆಟ್ಟ ಮೇಲೆ ಅಪ್ಪ ಅಂಗಳದ ಫರಸಿ ಕಲ್ಲಿನ ಮೇಲೆ ಕೋಲೂರಿ ಬರುತ್ತಿದ್ದ ಸದ್ದು ಥೇಟು ಹೀಗೆಯೇ. ಅವನು ಹೋದ ಮೊದಲ ಚಳಿಗಾಲದಲ್ಲಿ ಅವ್ವ ಆ ಸದ್ದಿಗೆ ಹೊರಗೆ ಬಂದು, "ನಿಮ್ಮಪ್ಪ ಬಂದಾನ," ಎಂದು ಬಾನೆಟ್ಟಿನ ಮೇಲೆ ಒಂದು ಕಪ್ ಚಹಾ ಇಟ್ಟಳು. ಅದೇ ರೂಢಿಯಾಯಿತು. ಬಡಿತಕ್ಕೆ ತಕ್ಕಂತೆ ಚಹಾದಲ್ಲಿ ಉಂಗುರಗಳು ಏಳುತ್ತಿದ್ದವು. ಬಡಿತ ನಿಂತ ಮೇಲೆ ಅದನ್ನು ನಾನು ಕುಡಿಯಬೇಕು. ಅಷ್ಟರಲ್ಲೇ ಅದು ಹ್ಯಾಗೋ ತಣ್ಣಗಾಗಿರುತ್ತಿತ್ತು. ನೀರಿಗೆ ಹೊರಟ ಪಕ್ಕದ ಮನೆಯಾಕೆ ಕೂಡ ಸದ್ದು ನಿಲ್ಲುವವರೆಗೆ ಗಾಡಿಯ ಮುಂದೆ ಹಾಯುತ್ತಿರಲಿಲ್ಲ. ಹಿರಿಯರ ಎದುರು ನಿಂತಂತೆ ಸೆರಗು ಹೊದ್ದು ನಿಂತಿರುತ್ತಿದ್ದಳು.

ಈ ವರ್ಷ ಬಡಿತ ಉದ್ದವಾಗತೊಡಗಿತು. ಅವ್ವನಿಗೆ ಖುಷಿ. "ಈಗ ಭಾಳ ಹೊತ್ತು ನಿಂದರ್ಲತ್ತಾನ," ಎನ್ನುತ್ತಿದ್ದಳು. ನನಗೆ ಎರಡೂ ಕಡೆಯ ಹೆದರಿಕೆ. ಅದು ಅಪ್ಪನೇ ಆಗಿದ್ದರೆ ಒಂದು, ಆಗಿರದಿದ್ದರೆ ಇನ್ನೊಂದು.

ಕೊನೆಗೆ ಬೀದರಿನ ಚಿದ್ರಿಯ ಮೆಕ್ಯಾನಿಕ್ಕನ ಹತ್ತಿರ ಒಯ್ದೆ. ಅವನು ಇಂಜಿನ್ನಿನ ಮುಚ್ಚಳ ತೆರೆದು ಒಳಗೆ ಬೆರಳಾಡಿಸಿದ.

"ಅರೆ ಭಾಯಿ, ಇದ್ರಾಗ ಆಯಿಲ್ ಎಲ್ಲಿ ಅದ? ಹಲ್ವಾ ಅದ."

"ಮುಂಜಾನಿ ಬಡೀತದಲ್ಲ, ಅದು ಏನ್ರಿ?"

"ರಾತ್ರಿ ಆಯಿಲ್ ಕೆಳಗ ಇಳೀತದ. ಥಂಡಿಗೆ ದಪ್ಪ ಆಗಿ ಲಗೂ ಮ್ಯಾಲೆ ಏರಲ್ಲ. ಅಲ್ಲೀತನಕ ಕಬ್ಬಣಕ್ಕ ಕಬ್ಬಣ ಬಡೀತದ. ನಿಮ್ದು ಹಳ್ಳಿಹಳ್ಳಿಗೆ ನಿಂತು ಹೋಗೋ ಗಾಡಿ. ಲೋಡ್ ಬ್ಯಾರೆ, ಬ್ಯಾಸಗಿ ಬ್ಯಾರೆ. ಸಿಂಥೆಟಿಕ್ ಆಯಿಲ್ ಹಾಕ್ರಿ. ಥಂಡ್ಯಾಗ ಝಟ್ ಅಂತ ಮ್ಯಾಲೆ ಹೋಗ್ತದ, ಬಿಸಿಲಾಗ ನೀರಾಗಲ್ಲ, ಸುಟ್ಟು ಇಂಥ ಹಲ್ವಾನೂ ಲಗೂ ಆಗಲ್ಲ."

"ಸವೆದದ್ದು ವಾಪಸ್ ಬರ್ತದೇನ್ರಿ?"

"ಸವೆದದ್ದು ಬರಲ್ಲ. ಇದ್ದದ್ದು ಉಳೀತದ. ಹಿಂಗೇ ಬಿಟ್ರ ಈ ಇಂಜಿನ್ ಮುಂದಿನ ಥಂಡಿ ಕಾಣಲ್ಲ."

"ಸದ್ದು ಪೂರಾ ಹೋಗ್ತದೇನು?"

"ಎಲ್ಲಾರೂ ಸದ್ದು ಹೋಗ್ಲಿ ಅಂತ ಬರ್ತಾರ. ನೀವ್ಯಾಕ ಮಯ್ಯತ್ತಿಗೆ, ಸತ್ತೋರ ಮನಿಗೆ ಬಂದವ್ರಂಗ ಕೇಳ್ಲತ್ತೀರಿ?"

ಚಹಾದ ಸಂಗತಿ ಹೇಳಿದೆ. ಅವನು ಜೋರಾಗಿ ನಕ್ಕ. ಆಮೇಲೆ ಕೈ ಒರೆಸಿಕೊಂಡು, ಬಾನೆಟ್ಟಿನ ಮುಂದಿನಿಂದ ಸದ್ದಿಲ್ಲದೆ ಪಕ್ಕಕ್ಕೆ ಸರಿದು ನಿಂತ.

ಇಂಜಿನ್ ಹೋದರೆ ಮನೆ ನಡೆಯುವುದಿಲ್ಲ. ಸದ್ದು ಹೋದರೆ ಅವ್ವನಿಗೆ ಬೆಳಗಾಗುವುದಿಲ್ಲ. ಅರ್ಧ ದಿನ ಅಲ್ಲೇ ಕೂತು ಚಿಂತೆ ಮಾಡಿ, ಹೊಸ ಆಯಿಲ್ ಹಾಕಿಸಿಯೇ ಬಿಟ್ಟೆ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಮರುದಿನ ಅಂಗಳದ ತುಂಬ ಮಂಜು. ಅವ್ವ ಚಹಾ ಇಟ್ಟು ಸೆರಗು ಸರಿಮಾಡಿಕೊಂಡಳು. ಚಾವಿ ತಿರುಗಿಸಿದೆ. ಇಂಜಿನ್ ಚಾಲೂ ಆಯಿತು, ಬಡಿತ ಬರಲಿಲ್ಲ. ಚಹಾದ ಮೇಲಿನ ಕೆನೆ ಸಣ್ಣಗೆ ನಡುಗಿತು, ಅಷ್ಟೆ. ಪಕ್ಕದ ಮನೆಯಾಕೆ ಕೊಡ ಹಿಡಿದು ನಿಂತೇ ಇದ್ದಳು. ಇವತ್ತು ಚಳಿ ಕಡಿಮೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ; ಅವ್ವ ಕೈ ಎತ್ತಿ ಸುಮ್ಮನಿರಿಸಿದಳು.

ಬಹಳ ಹೊತ್ತು ಕಿವಿಗೊಟ್ಟಳು. ಆಮೇಲೆ ಆಚೆ ಬದಿಗೆ ಹೋಗಿ ಎಡಗಡೆಯ ಬಾಗಿಲು ತೆರೆದಳು. ಒಬ್ಬರು ಹತ್ತಿ ಕೂರುವಷ್ಟು ಹೊತ್ತು ಹಿಡಿದುಕೊಂಡಿದ್ದು ಮೆಲ್ಲಗೆ ಹಾಕಿದಳು.

"ಕೋಲು ಬಿಟ್ಟಾನ," ಎಂದಳು. "ಮೊಣಕಾಲ ಬ್ಯಾನಿ ಹೋಗ್ಯದ. ಏನು ಹಾಕ್ಸಿದಿ?"

"ಎಣ್ಣಿ, ಅವ್ವ. ಹೊಸದು."

"ನಾ ದಿನಾ ಎಣ್ಣಿ ತಿಕ್ಕಿದ್ರೂ ಕಡಿಮಿ ಆಗಿದ್ದಿಲ್ಲ. ಮದ್ಲೇ ಹಾಕ್ಸಬಾರದೇನೋ?"

ಅಂದಿನಿಂದ ಎಡಗಡೆಯ ಸೀಟಿನ ಮೇಲೆ ಕ್ಯಾನು ಇಡುವುದಿಲ್ಲ. ಬೀದರಿಗೆ ಬರುತ್ತೇನೆ ಎನ್ನುವವರನ್ನು ಹಿಂದೆ ಕೂರಿಸುತ್ತೇನೆ. ಇಂಜಿನ್ ಈಗ ಎಷ್ಟು ಮೆತ್ತಗೆ ಓಡುತ್ತದೆಂದರೆ ಆ ಸೀಟಿನ ಸ್ಪ್ರಿಂಗು ಕಿರ್ ಎನ್ನುವುದೂ ಕೇಳುತ್ತದೆ. ರಸ್ತೆ ಕೆಟ್ಟಿದೆ, ಅದಕ್ಕೇ ಎಂದುಕೊಳ್ಳುತ್ತೇನೆ. ರಸ್ತೆ ಚೆನ್ನಾಗಿರುವ ಕಡೆ ರೇಡಿಯೊ ಹಚ್ಚುತ್ತೇನೆ.