ಅಳಿಸಿದ ಮಚ್ಚೆ

ಸುಮಾ, ನಿನ್ನ ಮೊದಲ ಬಾಣಂತನಕ್ಕೆ ನಿಮ್ಮವ್ವ ಐರ್ಲೆಂಡಿಗೆ ಬರದಂತೆ ಮಾಡಿದವನು ನಾನು. ಕೊಟ್ಟೂರಿನ ಎದುರು ಮನೆಯ ಮಂಜಣ್ಣ — ನಿನ್ನ ಮದುವೆಯ ಫೋಟೊ ತೆಗೆದ ಅದೇ ಮಂಜಣ್ಣ. ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ನನ್ನ ಸ್ಟುಡಿಯೊದ ಪದ್ಧತಿ ನಿನಗೆ ಗೊತ್ತು. ಗಂಡಿನ ಮನೆಗೆ ಕಳಿಸುವ ಫೋಟೊ ಎಂದರೆ ಮೊಡವೆ ಹೋಗಬೇಕು, ಬಣ್ಣ ತಿಳಿಯಾಗಬೇಕು. ಆ ದಿನವೂ ಬೆಳಗಿನಿಂದ ಅದೇ ಕೆಲಸ. ವೀಸಾ ಫೋಟೊಗೆಂದು ನಿಮ್ಮವ್ವ ಬಂದು ಕುಳಿತಳು. ನನ್ನ ಕೈ ಸುಮ್ಮನಿರಲಿಲ್ಲ — ಕೆನ್ನೆಯ ದೊಡ್ಡ ಮಚ್ಚೆ ಅಳಿಸಿದೆ, ನರೆಗೂದಲು ಕಪ್ಪು ಮಾಡಿದೆ. ಪರದೇಶದವರ ಮುಂದೆ ನಮ್ಮ ಓಣಿಯ ಹೆಣ್ಣುಮಗಳು ಚಂದ ಕಾಣಲಿ ಎಂಬ ಹುಮ್ಮಸ್ಸು! ಅರ್ಜಿಯನ್ನೂ ನಾನೇ ತುಂಬಿ ಕಳಿಸಿದೆ.

ನಿರಾಕರಣೆಯ ಪತ್ರ ಇಂಗ್ಲಿಷಿನಲ್ಲಿ ಬಂತು. ಫೋಟೊ ತಿದ್ದಲಾಗಿದೆ, ಪಾಸ್‌ಪೋರ್ಟಿನ ಮುಖಕ್ಕೆ ಹೊಂದುವುದಿಲ್ಲ — ಅಷ್ಟೇ. ಓದಿ ಹೇಳು ಎಂದು ನಿಮ್ಮವ್ವ ಎದುರಿಗೇ ನಿಂತಿದ್ದಳು. "ಈ ವರ್ಷದ ಕೋಟಾ ಮುಗದೈತಂತ ಚಿಗವ್ವಾ" ಎಂದುಬಿಟ್ಟೆ. ನೀನು ಪತ್ರ ಕೇಳಿದಾಗ, ಕಳೆದುಹೋಗಿದೆ ಎಂದೆ. ಬಾಣಂತಿಗೆ ಬಲ ಬರಲಿ ಎಂದು ನಿನಗಾಗಿ ಕಟ್ಟಿದ್ದ ಅಂಟಿನುಂಡಿಗಳನ್ನು ಅವಳು ಓಣಿಗೆಲ್ಲ ಹಂಚಿದಳು. ನಾಲ್ಕು ನಾನೇ ತಿಂದೆ — ರುಚಿಯಾಗಿವೆ ಎಂದೂ ಹೊಗಳಿದೆ. ಅದನ್ನು ನೆನೆದರೆ ಇವತ್ತಿಗೂ...

ಈಗ ನಿನ್ನ ಎರಡನೆಯ ಹೆರಿಗೆ, ಮತ್ತೆ ಅರ್ಜಿ. ಹಿಂದೆ ವೀಸಾ ನಿರಾಕರಣೆಯಾಗಿದೆಯೇ, ಕಾರಣವೇನು ಎಂದು ಅದರಲ್ಲೊಂದು ಪ್ರಶ್ನೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಈ ಬಾಣಂತನವೂ ತಪ್ಪಿತು. ಪಕ್ಕದಲ್ಲೇ ಕುಳಿತಿದ್ದ ನಿಮ್ಮವ್ವ, "ಕೋಟಾ ಮುಗದಿತ್ತು ಅಂತ ಬರಿಯಪಾ" ಎಂದಳು.

ನನ್ನ ಬೆರಳು ಏಳಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವಳು ಮಚ್ಚೆಯನ್ನು ಮುಟ್ಟಿಕೊಂಡಳು. ಆಮೇಲೆ ನಗು ಬಂತು ನೋಡು — ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದು. "ಲೇ ಮಂಜಾ, ನಿಮ್ಮ ಕಾಕಾ ಈ ಮಚ್ಚಿ ನೋಡೇ ನನ್ನ ಒಪ್ಪಿದ್ದ. ನೀ ಅದನ್ನ ಅಳಿಸಿಬಿಟ್ಯೇನಲೇ!" ಕಣ್ಣು ಒರೆಸಿಕೊಂಡಳು. "ಉಂಡಿ ತಿನ್ನಾಗಾದ್ರೂ ಬಾಯಿ ಬಿಡಬಾರದಿತ್ತಾ? ಇರಲಿ. ಈಗ ಖರೇನ ಬರಿ."

ಖರೆಯನ್ನೇ ಬರೆದೆ. ಮಚ್ಚೆ, ನರೆ ಎಲ್ಲ ಇದ್ದ ಹಾಗೇ ಫೋಟೊ ತೆಗೆದೆ. ಸೋಮವಾರ ವೀಸಾ ಬಂತು! ನಾನು ಅಂಗಡಿಯಲ್ಲಿ ಕುಣಿಯುವುದೊಂದು ಬಾಕಿ. ನಿಮ್ಮವ್ವ ಆಗಲೇ ಹೊಸ ಅಂಟಿನುಂಡಿ ಕಟ್ಟುತ್ತಿದ್ದಾಳೆ. ಈ ಸಲ ನನಗೆ ಒಂದೂ ಇಲ್ಲವಂತೆ, ಅದು ನ್ಯಾಯವೇ.

ಆದರೆ ಸುಮಾ, ಮೊದಲ ಕೂಸಿಗೆ ನೀನೊಬ್ಬಳೇ ನೀರು ಹಾಕಿದೆ — ಫೋನಿನಲ್ಲಿ ನಿಮ್ಮವ್ವನನ್ನು ಕೇಳಿಕೊಂಡು, ಅಳುತ್ತಾ. ಆ ದಿನಗಳನ್ನು ನಾನು ಮರಳಿ ಕೊಡಲಾರೆ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಈ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು, "ಏನ್ ಬರದಿಯೋ, ಓದು" ಎಂದಳು. ಓದಿದೆ — ಈ ಸಲ ಬರೆದದ್ದನ್ನು ಬರೆದ ಹಾಗೇ.