ಧರ್ಮಣ್ಣನ ಜೀಪಿನಲ್ಲಿ ಹೊಸ ಆಲ್ಬಂ

ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳಿಯುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಕಿವಿಯೊಳಗೆ ಗಿಟಾರು ಶುರುವಾಗುತ್ತದೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ನಾನು ಪಾಠ ಮಾಡುವ ಶಾಲೆಗೆ ಹೊರಟು ಹೊಂಗಡಹಳ್ಳದ ರಸ್ತೆಯಲ್ಲಿ ಜೀಪಿಗೆ ಕಾಯುತ್ತಿದ್ದೆ. ಎಸ್ಟೇಟಿನ ಕಡೆಯಿಂದ ಗಾಳಿ ಅದೇ ವಾಸನೆಯನ್ನು ತಂದಿತು. ಅಷ್ಟರಲ್ಲಿ ಬ್ಯಾಗಿನೊಳಗೆ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ನಮ್ಮ ಬ್ಯಾಂಡಿನ ಹೊಸ ಆಲ್ಬಂ ಬಂದಿತ್ತು.

ನಮ್ಮ ಬ್ಯಾಂಡು ಅಂದೆ. ಅವರಿಗೆ ನಾವಿರುವುದೇ ಗೊತ್ತಿಲ್ಲ, ಬಿಡಿ. ಸಮುದ್ರದಾಚೆಯ ಹಾರ್ಡ್ ರಾಕ್ ತಂಡ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಜಗಳಕ್ಕೆ ಬರುತ್ತೀರಿ. ಈಗ ಆ ತಂಡದವರೆಲ್ಲ ಮೊಮ್ಮಕ್ಕಳನ್ನು ಕಂಡವರು. ಆದರೂ ಬಿಗಿ ಪ್ಯಾಂಟು ಬಿಟ್ಟಿಲ್ಲ. ಮಗ್ಗೆಯಿಂದ ಸಕಲೇಶಪುರದವರೆಗೆ ಚದುರಿ ಹೋಗಿರುವ ನಮ್ಮಂಥ ಅಭಿಮಾನಿಗಳದ್ದೊಂದು ಫೋನಿನ ಗುಂಪಿದೆ. ಅಂದು ಗುಂಪಿನಲ್ಲಿ ಪಂಚಾಯ್ತಿ ಜೋರಾಗಿತ್ತು. "ಡ್ರಮ್ಮು ಸೂಪರ್, ಗಂಟ್ಲು ಮಾತ್ರ ಹೋಗ್ಬುಟ್ಟೈತೆ" ಎಂದು ಒಬ್ಬರು. "ಈ ವಯಸ್ಸಲ್ಲಿ ಇನ್ನೇನ್ ಕೋಗಿಲೆ ಕೂಗುತ್ತಾ?" ಎಂದು ಇನ್ನೊಬ್ಬರು. "ಮನೇಲ್ ಕೂತು ರಾಗಿಮುದ್ದೆ ಉಣ್ಣೋದ್ ಬಿಟ್ಟು" ಎಂದು ಮಗ್ಗೆಯವರು. ಆ ಗಾಯಕನಿಗೆ ಮುದ್ದೆ ಎಲ್ಲಿಂದ ಸಿಗಬೇಕು ಎಂದು ಯಾರೂ ಕೇಳಲಿಲ್ಲ.

ನಾನು ಎಸ್ಟೇಟ್ ಲೈನಿನಲ್ಲಿ ಬೆಳೆದವಳು. ಕೂಲಿಯವರ ಮನೆಗಳು ಸಾಲಾಗಿರುತ್ತವಲ್ಲ, ಅದೇ ಲೈನು. ನಮ್ಮಪ್ಪ ಅವ್ವ ಹಣ್ಣು ಕುಯ್ಯುತ್ತಿದ್ದರು. ದೊಡ್ಡಪ್ಪನ ಮಗ ಧರ್ಮಣ್ಣ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಡೆಸುತ್ತಿದ್ದ. ಊರೂರು ಸುತ್ತಿ ಓದಿ ಬಂದಿದ್ದ ಎಸ್ಟೇಟ್ ಸಾಹುಕಾರರ ಮಗ, ಧರ್ಮಣ್ಣ ಚೆನ್ನಾಗಿ ಹಾಡುತ್ತಾನೆಂದು ಕೇಳಿ, ಆ ಬ್ಯಾಂಡಿನ ಕ್ಯಾಸೆಟ್ಟನ್ನು ಎರಡು ದಿನದ ಮಟ್ಟಿಗೆ ಕೊಟ್ಟ. ಅದನ್ನು ನಕಲು ಮಾಡಿಕೊಳ್ಳಬೇಕು. ಲೈನಿನಲ್ಲಿ ಕರೆಂಟಿಲ್ಲ, ಕರೆಂಟಿರುವುದು ಪಲ್ಪರ್ ಮನೆಯಲ್ಲಿ. ಕೊಯ್ಲಿನ ಕಾಲದಲ್ಲಿ ಪಲ್ಪರ್ ನಿಲ್ಲಿಸುವ ಹಾಗಿಲ್ಲ. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಕೂರಿಸಿ, ಯಂತ್ರ ಓಡುತ್ತಿರುವಾಗಲೇ ನಕಲು ಮಾಡಿದೆವು.

ಹಾಗಾಗಿ ನಮ್ಮ ಕ್ಯಾಸೆಟ್ಟಿನಲ್ಲಿ ಗಿಟಾರಿನ ಹಿಂದೆ ಗಡಗಡಗಡ ಎಂಬ ಸದ್ದು. ಇದಕ್ಕೇ ಹಾರ್ಡ್ ರಾಕ್ ಅನ್ನುವುದು ಎಂದುಕೊಂಡೆವು. ಮುಂದೆ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಾಗ ಯಾರೋ ಅಸಲಿ ಕ್ಯಾಸೆಟ್ ಹಾಕಿದರು. ನನಗೆ ಸಪ್ಪೆ ಅನಿಸಿತು. "ಇದರಲ್ಲಿ ಒಂದು ವಾದ್ಯ ಬಿಟ್ಟುಹೋಗಿದೆ" ಎಂದು ಹುಡುಗಿಯರ ಮುಂದೆ ಗತ್ತಿನಿಂದ ಹೇಳಿದೆ. ರಜೆಗೆ ಬಂದು ಧರ್ಮಣ್ಣನಿಗೆ ತಿಳಿಸಿದರೆ ಅವನಿಗೂ ಸಿಟ್ಟು. "ಅಂಗಡಿಯೋನು ನಿನ್ ಫ್ರೆಂಡ್ಗೆ ಡೂಪ್ಲಿಕೇಟ್ ಕೊಟ್ಟವ್ನೆ ಕಣವ್ವ. ನಮ್ದೇ ಒರಿಜಿನಲ್ಲು."

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗಿನ ಜಾವ ನೀರು ಹೊತ್ತು, ರಜೆಯಲ್ಲಿ ಹಣ್ಣು ಕುಯ್ದು ಓದಿದವಳು. ರಿಸಲ್ಟು ಬಂದ ದಿನ ಧರ್ಮಣ್ಣ ನನ್ನನ್ನು ಕೂರಿಸಿಕೊಂಡು, "ಈಗ ನಮ್ ಕ್ಯಾಸೆಟ್ಟಿನ್ ಮೊದ್ಲನೇ ಹಾಡಿನ್ ಅರ್ಥ ಹೇಳು" ಎಂದ. ಅಷ್ಟು ವರ್ಷ ಅದು ದೊಡ್ಡ ವೇದಾಂತವೆಂದು ನಂಬಿದ್ದ. ನಾನು ಹಾಡನ್ನು ಮತ್ತೆ ಮತ್ತೆ ಕೇಳಿ ಹೇಳಿದೆ: ಒಬ್ಬ ಗಂಡಸು ಮೋಟಾರ್ ಸೈಕಲ್ ಹತ್ತಿ ಹೋಗುತ್ತಾನೆ, ಒಬ್ಬಳು ಹುಡುಗಿ ಹಿಂದೆ ಕೂರುತ್ತಾಳೆ, ರಸ್ತೆ ಉದ್ದ ಇದೆ.

"ಆಮೇಲೆ?"

"ಅಷ್ಟೇ."

"ಇಷ್ಟಕ್ಕೆ ಡಿಗ್ರಿ ಬೇಕಾಯ್ತಾ ಮಾರಾಯ್ತಿ?"

ಅರ್ಥ ತಿಳಿದ ಮೇಲೂ ಅವನ ಹಾಡು ನಿಲ್ಲಲಿಲ್ಲ. ಪಲ್ಪರ್ ಬಿಟ್ಟು ಜೀಪು ಹಿಡಿದ. ದಿನಾ ಬೆಳಿಗ್ಗೆ ಹಣ್ಣು ಕುಯ್ಯುವ ಹೆಂಗಸರನ್ನು ತುಂಬಿಕೊಂಡು, ದಾರಿಯಲ್ಲಿ ನನ್ನನ್ನು ಶಾಲೆಯ ಹತ್ತಿರ ಇಳಿಸಿ, ಎಸ್ಟೇಟಿಗೆ ಹೋಗುತ್ತಾನೆ. ತಿರುವಿಗೊಂದು ಪಲ್ಲವಿ, ಏರಿಗೊಂದು ಕಿರುಚಾಟ. ಇಂಗ್ಲಿಷಿನ ಒಂದು ಮಾತೂ ನೆಟ್ಟಗಿರುತ್ತಿರಲಿಲ್ಲ. ಆದರೆ ಆ ಗಾಯಕ ಎಲ್ಲಿಯವರೆಗೆ ದನಿ ಏರಿಸುತ್ತಿದ್ದನೋ ಇವನೂ ಅಲ್ಲಿಯವರೆಗೆ ಏರಿಸುತ್ತಿದ್ದ.

ಹೋದ ವರ್ಷ ಗಂಟಲಲ್ಲಿ ಗಂಟು ಕಾಣಿಸಿತು. ಹಾಸನದಲ್ಲಿ ಆಪರೇಷನ್ ಆಯಿತು, ಕೆಟ್ಟದ್ದೇನಲ್ಲ ಎಂದರು, ದೇವರು ದೊಡ್ಡವನು. ಆದರೆ ದನಿ ಕೆಳಕ್ಕೆ ಇಳಿದು ಒರಟಾಯಿತು. ಅವತ್ತಿನಿಂದ ಧರ್ಮಣ್ಣ ಹಾಡಲಿಲ್ಲ. ಜೀಪಿನಲ್ಲಿ ಗೇರಿನ ಸದ್ದು ಬಿಟ್ಟರೆ ಮೌನ. "ಮನೇಲೂ ಹಿಂಗೇ ಕಣಮ್ಮಿ, ಬಚ್ಚಲಲ್ಲೂ ಹಾಡಲ್ಲ" ಎಂದು ಅತ್ತಿಗೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಇವನು ಇನ್ನು ಹಾಡುವುದೇ ಇಲ್ಲವೇನೋ ಎಂಬ ಹೆದರಿಕೆ ನನಗೂ ಇತ್ತು.

ಶುಕ್ರವಾರ ಜೀಪು ಹತ್ತಿ ಅವನ ಪಕ್ಕ ಕೂತು ಹೇಳಿದೆ, "ಅಣ್ಣ, ಹೊಸ ಆಲ್ಬಂ ಬಂದೈತೆ."

"ಗೊತ್ತು. ಮಗ ಹೇಳ್ದ. ಗಂಟ್ಲು ಹೋಗೈತಂತಲ್ಲ ಅವನ್ದು." ರಸ್ತೆ ನೋಡುತ್ತಲೇ ಹೇಳಿದ. "ಹಾಕಬ್ಯಾಡ. ಜನ ಆಡ್ಕಳದ್ ನಂಗ್ ಕೇಳಕ್ಕಾಗಲ್ಲ."

ನಾನು ಫೋನು ಬ್ಯಾಗಿಗೆ ಹಾಕಿದೆ. ಹಿಂದಿನ ಸೀಟಿನಿಂದ ಗಿರಿಜಕ್ಕ ತಲೆ ತೂರಿಸಿದಳು. ಹಣ್ಣು ಕುಯ್ಯುವುದರಲ್ಲಿ ಕೈ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು.

"ಹಾಕವ್ವ ಟೀಚರಮ್ಮ. ಅವ್ನು ಕೇಳ್ದಿದ್ರೆ ಬ್ಯಾಡ, ನಾವ್ ಕೇಳ್ತೀವಿ. ವರ್ಷದಿಂದ ಈ ಜೀಪು ಸಾವಿನ್ ಮನೆ ಆಗೈತೆ."

"ನಿಂಗ್ ಇಂಗ್ಲಿಷ್ ಬತ್ತದಾ?" ಎಂದ ಧರ್ಮಣ್ಣ.

"ನಿಂಗ್ ಬತ್ತಿತ್ತಾ?"

ಹೆಂಗಸರೆಲ್ಲ ನಕ್ಕರು. ನಾನು ಹಾಡು ಹಾಕಿದೆ. ಗಿಟಾರು ಮೊದಲಿನ ಹಾಗೆಯೇ ಇತ್ತು. ಆಮೇಲೆ ಗಾಯಕ ಬಂದ. ಗುಂಪಿನವರು ಬರೆದದ್ದು ಸುಳ್ಳಲ್ಲ. ಕಿರುಚಬೇಕಾದ ಜಾಗದಲ್ಲಿ ಅವನು ಕಿರುಚಲಿಲ್ಲ, ಅದಕ್ಕೆ ಹೋಗಲೂ ಇಲ್ಲ. ಕೆಳಗಿನ ದನಿಯಲ್ಲಿ, ಜಗಲಿಯ ಮೇಲೆ ಕೂತು ಹಳೇ ಸಂಗತಿ ಹೇಳುವವನ ಹಾಗೆ, ನಿಧಾನಕ್ಕೆ ಹಾಡಿದ. ನಾಚಿಕೆ ಇರಲಿಲ್ಲ ಆ ದನಿಯಲ್ಲಿ.

"ಅಯ್ಯೋ, ಇವ್ನ ಗಂಟ್ಲು ಥೇಟ್ ಧರ್ಮಣ್ಣನ್ ಗಂಟ್ಲು ಕಣ್ರೇ" ಎಂದಳು ಗಿರಿಜಕ್ಕ. "ಮೊದ್ಲಿನ್ ಕಿರುಚಾಟಕ್ಕಿಂತ ಇದೇ ವಾಸಿ. ಆವಾಗ ನನ್ ಕಿವಿ ತೂತಾಗ್ತಿತ್ತು."

ಗಿರಿಜಕ್ಕ ಆಡಿದ್ದು ಜಾಸ್ತಿಯಾಯಿತೇನೋ ಎಂದು ನಾನು ಧರ್ಮಣ್ಣನ ಮುಖ ನೋಡಿದೆ. ಹಾಡು ಮುಗಿಯಿತು. ಧರ್ಮಣ್ಣ ಗೇರು ಬದಲಿಸಿದ, ಒಂದು ತಿರುವು ಕಳೆದ.

"ಇನ್ನೊಂದ್ ಸಲ ಹಾಕು."

ಹಾಕಿದೆ. ಮೊದಲು ಸ್ಟೀರಿಂಗಿನ ಮೇಲೆ ಬೆರಳು ಆಡಿತು. ಪಲ್ಲವಿ ಎರಡನೇ ಸಲ ಬಂದಾಗ ಅವನ ಎದೆಯೊಳಗಿನಿಂದ ಒಂದು ಗುಂಯ್‌ಗುಟ್ಟುವಿಕೆ ಬಂತು. ಮಾತಿಲ್ಲ, ಬರೀ ರಾಗ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಡಿಗ್ರಿ ಮಾಡಿದವಳು ಜೀಪಿನಲ್ಲಿ ಅಳುವುದೇ?

ಶಾಲೆಯ ಹತ್ತಿರ ಇಳಿದು ಫೋನು ನೋಡಿದರೆ ಗುಂಪಿನಲ್ಲಿ ಹತ್ತಕ್ಕೆ ಎಷ್ಟು ಮಾರ್ಕು ಎಂಬ ಜಗಳ ಏರಿತ್ತು. "ಮೇಡಂ ಏನಂತಾರೆ?" ಎಂದು ಮಗ್ಗೆಯವರು ಕೇಳಿದ್ದರು. ನಾನು ಬರೆದೆ: "ಮಾರ್ಕ್ಸ್ ಕೊಡೋದು ಶಾಲೆಯಲ್ಲಿ ಸಾಕಾಗಿದೆ. ನಮ್ಮ ಜೀಪಿನವರಿಗೆಲ್ಲ ಹಿಡಿಸಿತು." ಅವರೊಂದು ನಗುವ ಮುಖ ಕಳಿಸಿ ಮತ್ತೆ ಜಗಳಕ್ಕೆ ಹೋದರು.

ಇವತ್ತು ಸೋಮವಾರ. ಬೆಳಿಗ್ಗೆ ಮಂಜು ಕವಿದು ರಸ್ತೆಯೇ ಕಾಣುತ್ತಿರಲಿಲ್ಲ. ಜೀಪು ಕಾಣುವ ಮೊದಲು ಹಾಡು ಬಂತು. ಒರಟು ದನಿ, ಕೆಳಗಿನ ಶ್ರುತಿ, ಸೊಟ್ಟ ಇಂಗ್ಲಿಷು. ಹಿಂದೆ ನಾಲ್ಕೈದು ಹೆಂಗಸರ ಚಪ್ಪಾಳೆ. ಫೋನೂ ಇಲ್ಲ, ಗಿಟಾರೂ ಇಲ್ಲ. ಜೀಪು ನಿಂತಿತು. ಧರ್ಮಣ್ಣ ಹಾಡು ನಿಲ್ಲಿಸದೆ ಕಣ್ಣಲ್ಲೇ ಹತ್ತು ಎಂದ. ನಾನು ಬಾಯಿ ತೆರೆದು ನೋಡುತ್ತಾ ನಿಂತೇ ಇದ್ದೆ.

ಗಿರಿಜಕ್ಕನೇ ಬಾಗಿಲು ತೆಗೆದಳು. "ಬ್ಯಾಗ್ ಇತ್ಲಾಗ್ ಕೊಟ್ಟು ಬೇಗ ಹತ್ತವ್ವ. ಅರ್ಧ ಹಾಡಾಗ್ಬುಟ್ಟೈತೆ."