ಎಳೆಬಿಸಿಲೂ ಕುರಿಮರಿಯೂ

ಇವತ್ತು ಮೊಮ್ಮಗಳು ತನ್ನ ಕೂಸಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಆ ವಾಸನೆಗೆ ನಾನು ನಮ್ಮೂರು ಹರಿಯಬ್ಬೆಯ ಹಳೇ ಮನೆಯ ಅಂಗಳಕ್ಕೆ ಹೋಗಿಬಿಟ್ಟೆ.

ಓರಗೆಯ ಮಕ್ಕಳೆಲ್ಲ ಓಡಾಡುತ್ತಿದ್ದರೂ ನನ್ನ ತಮ್ಮನಿಗೆ ಎದ್ದು ನಿಲ್ಲಲೂ ಕಾಲಲ್ಲಿ ಬಲವಿರಲಿಲ್ಲ. ಅಜ್ಜಿ ದಿನಾ ಅವನಿಗೆ ಎಣ್ಣೆ ಸವರಿ, ಎಳೆಬಿಸಿಲಲ್ಲಿ ಕಂಬಳಿಯ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ಕುರಿಮರಿ ಬಿಡುತ್ತಿದ್ದಳು. ಮರಿ ಎದ್ದು ನೆರಳಿಗೆ ಹೋದ ಕೂಡಲೇ ತಮ್ಮನನ್ನೂ ಎತ್ತಿಕೊಳ್ಳುತ್ತಿದ್ದಳು.

"ಇನ್ನೊಂದು ಗಳಿಗೆ ಬಿಡ್ರಿ ಅತ್ತೆ, ಕಾಲು ಬೇಗ ಗಟ್ಟಿ ಆಗ್ಲಿ" ಎಂದು ಅವ್ವ ಗೋಗರೆದಳು.

"ಕೂಸಿಗೆ ಬಿಸ್ಲು ತೋರ್ಸಾಕೆ ಮಲಗ್ಸೀನಿ ಕಣೇ, ಸಂಡಿಗೆ ಒಣಗ್ಸಾಕಲ್ಲ. ಮರಿಗಿರೋ ಬುದ್ಧಿ ನಿನಗಿಲ್ವಾ?" ಎಂದಳು ಅಜ್ಜಿ.

ಸುಗ್ಗಿಯ ಹೊತ್ತಿಗೆ ತಮ್ಮ ಅಜ್ಜಿಯ ಸೀರೆ ಹಿಡಿದು ಎದ್ದು ನಿಂತ. ಅವ್ವ ಅತ್ತಳು. "ಬಿಡ್ಲೇ, ಸೀರೆ ಹರಿದೀಯ" ಎಂದು ಬೈಯುತ್ತಲೇ ಅಜ್ಜಿ ಕದಲದೆ ನಿಂತಿದ್ದಳು.

ಆ ತಮ್ಮನಿಗೆ ಈಗ ತಲೆಯೆಲ್ಲ ಬಿಳಿ, ನಡೆಯಲು ಕೋಲು ಬೇಕು. ಊಟದ ಹೊತ್ತಿಗೆ ಮಾತ್ರ ಕೋಲಿಲ್ಲದೆ ನಮ್ಮ ಮನೆಗೆ ನಡೆದು ಬರುತ್ತಾನೆ.